ದುಂಡು ಕೊಟ್ಟಿಗೆ ಮತ್ತು ಮುಂದಿನ ಸೀಟು

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಮೊದಲ ಸಲ ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತಾಗ ನನ್ನ ಕಾಲು ಎಂದಿನ ಜಾಗಕ್ಕೆ ತಾಗಲಿಲ್ಲ. ಯಾರೋ ಸೀಟನ್ನು ಹಿಂದಕ್ಕೆ ದೂಡಿದ್ದರು. ಯಾರೋ ಏನು ಬಂತು, ಟ್ವೈಲಾನೇ. ವಿಸ್ಕಾನ್ಸಿನ್ನಿನ ಈ ನಮ್ಮ ಕಣಿವೆಯಲ್ಲಿ ಅಷ್ಟುದ್ದ ಕಾಲಿನ ಹೆಂಗಸು ಇನ್ನೊಬ್ಬಳಿಲ್ಲ.

ಆ ಸೀಟು ನನ್ನದು. ಮದುವೆಯಾದಾಗಿನಿಂದ ಭಾನುವಾರ ಚರ್ಚು ಮುಗಿದ ಮೇಲೆ ನನ್ನ ಗಂಡ ಮರ್ಲಿನ್ "ಬೆಳೆ ನೋಡ್ಕೊಂಡ್ ಬರೋಣ" ಅನ್ನುತ್ತಾನೆ, ನಾನು ಕ್ಯಾಮೆರಾ ಎತ್ತಿಕೊಳ್ಳುತ್ತೇನೆ. ಅವನು ಮುಸುಕಿನ ಜೋಳ ನೋಡುತ್ತಾನೆ, ನಾನು ಹಳೆಯ ಕಟ್ಟಡ ನೋಡುತ್ತೇನೆ. ಬಾಗಿಲು ಮುಚ್ಚಿದ ಒಂದೇ ಕೋಣೆಯ ಶಾಲೆ, ಚೀಸ್ ಮಾಡುತ್ತಿದ್ದ ಕಲ್ಲಿನ ಕಾರ್ಖಾನೆ, ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟಿಗೆಗಳು, ಕೆಳಗೆ ದನ, ಅಟ್ಟದಲ್ಲಿ ಹುಲ್ಲು. ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಾನು ಮರ್ಲಿನ್‌ಗೆ ಹೇಳಿದ್ದೇ ಇಲ್ಲ. ಬ್ರೆಕ್ಕೆಯವರ ದುಂಡು ಕೊಟ್ಟಿಗೆ ಬಂದರೆ ಅವರ ಅಂಚೆಪೆಟ್ಟಿಗೆಯ ಪಕ್ಕದಲ್ಲಿ ಎರಡು ಚಕ್ರ ಹುಲ್ಲಿನ ಮೇಲೆ, ಎರಡು ರಸ್ತೆಯ ಮೇಲೆ ನಿಲ್ಲಿಸುತ್ತಾನೆ. ನಾನು ಕಿಟಕಿ ಇಳಿಸಿ ಮೊಣಕೈ ಊರಿ ಕ್ಲಿಕ್ಕಿಸುತ್ತೇನೆ. ಕಾರಿನಿಂದ ಇಳಿಯುವ ಮಾತಿಲ್ಲ. ಇಳಿದು ಯಾರದೋ ಅಂಗಳಕ್ಕೆ ಕಾಲಿಟ್ಟರೆ ನಾಯಿ ಬೊಗಳುತ್ತದೆ, ಪರದೆ ಅಲ್ಲಾಡುತ್ತದೆ, ಒಲೆಯ ಮೇಲೆ ಕಾಫಿ ಏರುತ್ತದೆ. ಅವರ ಹಾಲು ಕರೆಯುವ ಹೊತ್ತು ಹಾಳು, ನಮ್ಮ ಮರ್ಯಾದೆಯೂ ಹಾಳು.

ಮರ್ಲಿನ್ ಮಾತಿನ ಮನುಷ್ಯನಲ್ಲ. ಅಂತ್ಯಕ್ರಿಯೆಗೆ ಹೋಗಿ ಬಂದಾಗ ಯಾರ್ಯಾರು ಬಂದಿದ್ದರು ಎಂದು ಕೇಳಿದರೆ "ಜನ ಇದ್ರು" ಅನ್ನುವವನು. ನನಗೆ ಅದರಿಂದ ಬೇಸರವೇನೂ ಇರಲಿಲ್ಲ. ಹೇಳದೆಯೇ ಕಾರು ನಿಲ್ಲಿಸುವವನ ಬಾಯಲ್ಲಿ ಮಾತು ಯಾಕೆ ಬೇಕು?

ಡಾಕ್ಟರು ಕಣ್ಣಿಗೆ ಧೂಳು ತಾಗಿಸಬೇಡಿ ಎಂದು ನನ್ನನ್ನು ಮನೆಯಲ್ಲಿ ಕೂರಿಸಿದ ದಿನಗಳಲ್ಲೇ ಸುದ್ದಿ ಬಂತು. ಬ್ರೆಕ್ಕೆಯವರ ಮಗ ದುಂಡು ಕೊಟ್ಟಿಗೆ ಮಾರಿದ್ದಾನೆ. ಪಟ್ಟಣದ ಯಾರೋ ಹಲಗೆಗಳನ್ನೆಲ್ಲ ಕೊಂಡು ಹೋಟೆಲಿನ ಗೋಡೆಗೆ ಹೊಡೆಸುತ್ತಾರಂತೆ. ಹಿಮ ಬೀಳುವುದರೊಳಗೆ ಬಿಚ್ಚುತ್ತಾರಂತೆ. ಮರ್ಲಿನ್ ಯೋಚನೆ ಮಾಡಿ, ಟ್ವೈಲಾ ಹತ್ತಿರ ಕ್ಯಾಮೆರಾ ಇದೆ ಅಂದ. "ಕರ್ಕೊಂಡ್ ಹೋಗಪ್ಪ, ನನಗೇನು" ಅಂದೆ. ನಮ್ಮಲ್ಲಿ ಹೆಂಡತಿ "ನನಗೇನು" ಅಂದರೆ ಗಂಡ "ಬೇಡ ಬಿಡು, ನೀನು ಹುಷಾರಾಗು" ಅನ್ನಬೇಕು. ಅವನು ಬೀಗದ ಕೈ ತೆಗೆದುಕೊಂಡು ಹೋದ.

ಟ್ವೈಲಾ ಮರ್ಲಿನ್‌ನ ದೊಡ್ಡಪ್ಪನ ಮಗ ಆರ್ಲಿನ್‌ನ ಹೆಂಡತಿ. ಸೈನ್ಯದಲ್ಲಿದ್ದಾಗ ಆರ್ಲಿನ್ ಟೆಕ್ಸಾಸಿನಿಂದ ಕಟ್ಟಿಕೊಂಡು ಬಂದವಳು. ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದಾಳೆ. ಅಂಚೆಯವನಿಂದ ಪಾದ್ರಿಯವರೆಗೆ ಎಲ್ಲರೂ ಅವಳಿಗೆ "ಚಿನ್ನ". ಇಷ್ಟು ವರ್ಷ ನಮ್ಮ ನಡುವೆ ಬಾಳಿಯೂ ಅವಳು ಕಾಫಿ ಕುಡಿಯುವುದನ್ನು ಕಲಿಯಲಿಲ್ಲ. ನಮ್ಮಲ್ಲಿ ಕಾಫಿ ಬೇಕಾ ಎಂದು ಕೇಳಿದರೆ ಮೊದಲ ಸಲ "ಅಯ್ಯೋ ಬೇಡ, ತೊಂದರೆ ತಗೋಬೇಡಿ" ಅನ್ನಬೇಕು. ಎರಡನೇ ಸಲ "ಈಗಷ್ಟೇ ಕುಡಿದು ಬಂದ್ವಿ" ಅನ್ನಬೇಕು. ಮೂರನೇ ಸಲ ಕೇಳಿದಾಗ "ಹಾಗಾದ್ರೆ ಅರ್ಧ ಲೋಟ" ಎಂದು ತುಂಬಿದ ಲೋಟ ತೆಗೆದುಕೊಳ್ಳಬೇಕು. ಟ್ವೈಲಾ ಮೊದಲ ಸಲಕ್ಕೇ ಹೂಂ ಅನ್ನುತ್ತಾಳೆ. ಅಷ್ಟೇ ಅಲ್ಲ, ದಾರಿಗೆ ಅಂತ ಕೇಕಿನ ಇನ್ನೊಂದು ತುಂಡನ್ನೂ ಕೇಳುತ್ತಾಳೆ. ಚರ್ಚಿನ ಹೆಂಗಸರು ಅದನ್ನು ಆಡಿಕೊಂಡಷ್ಟು ಪಾದ್ರಿಯ ಉಪದೇಶವನ್ನೂ ಆಡಿಕೊಂಡಿಲ್ಲ.

ಆ ವಾರವೇ ಅವಳು ಫೋಟೋ ತಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಕೆಟ್ಟದಾಗಿದ್ದರೆ ಹೊಗಳಬಹುದಿತ್ತು. ಚೆನ್ನಾಗಿದ್ದವು. ಇವಳು ರಸ್ತೆಯಲ್ಲಿ ನಿಂತೇ ಇಲ್ಲ, ಒಳಗೇ ಹೋಗಿದ್ದಾಳೆ. ಸುತ್ತಲಿನ ತೊಲೆಗಳೆಲ್ಲ ಗಾಡಿಚಕ್ರದ ಅರಗಳಂತೆ ಮೇಲಕ್ಕೆ ಹೋಗಿ ನೆತ್ತಿಯ ಒಂದು ಬಳೆಗೆ ಸೇರಿವೆ. ಹಲಗೆಯ ಸಂದಿನಿಂದ ಬೆಳಕು ಹಾಲಿನ ಹಾಗೆ ಸುರಿದಿದೆ. ನಾನು ಹೊರಗಿನಿಂದ ಅಷ್ಟೊಂದು ಸಲ ತೆಗೆದ ಕೊಟ್ಟಿಗೆಗೆ ಇಂಥ ಹೊಟ್ಟೆಯಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಯ ಫೋಟೋದಲ್ಲಿ ಮರ್ಲಿನ್ ಇದ್ದ. ಟೋಪಿ ಕೈಯಲ್ಲಿ, ತಲೆ ಹಿಂದಕ್ಕೆ, ಬಾಯಿ ಅಗಲವಾಗಿ ತೆರೆದಿದೆ.

"ಹಾಡ್ತಿದಾನೆ ಕಣೇ ಚಿನ್ನ," ಅಂದಳು ಟ್ವೈಲಾ. "ಆ ಚಾವಣಿ ತಿರುಗಿ ಹಾಡತ್ತೆ, ಗೊತ್ತಾ ನಿನಗೆ?"

ಚರ್ಚಿನಲ್ಲಿ ತುಟಿ ಮಾತ್ರ ಅಲ್ಲಾಡಿಸುವ ನನ್ನ ಗಂಡ. ನನ್ನ ಪೆಟ್ಟಿಗೆಗಳಲ್ಲಿ ಊರಿನ ಕೊಟ್ಟಿಗೆಗಳೆಲ್ಲ ಇವೆ, ಅವನ ಒಂದು ಫೋಟೋ ಇಲ್ಲ. ಅವನು ಸದಾ ಸ್ಟಿಯರಿಂಗಿನ ಹಿಂದೆ ಇದ್ದವನು. ಟ್ವೈಲಾಗೆ ಕೇಕು ಬೇಕಾ ಎಂದು ಒಂದೇ ಸಲ ಕೇಳಿದೆ. ಅವಳಿಗೆ ಅಷ್ಟೇ ಸಾಕಾಯಿತು.

ಊಟವಾದ ಮೇಲೆ ನಾನು ತಟ್ಟೆ ತೊಳೆದೆ, ಅವನು ಒರೆಸಿದ.

"ಹಾಡಿದೆಯಂತೆ," ಅಂದೆ.

"ಸ್ವಲ್ಪ."

ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತ ನಿಧಾನವಾಗಿ ಹೇಳಿದ. ಹುಡುಗರಾಗಿದ್ದಾಗ ಅವನೂ ಆರ್ಲಿನ್ನೂ ಆ ಅಟ್ಟದಲ್ಲಿ ಹುಲ್ಲು ಒಟ್ಟುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ನೆತ್ತಿಯ ಬಳೆಯ ಕೆಳಗೆ ನಿಂತು ಅಜ್ಜಂದಿರ ನಾರ್ವೆಯ ಹಾಡು ಹಾಡುತ್ತಿದ್ದರಂತೆ. ಒಬ್ಬ ಹಾಡಿದರೆ ನಾಲ್ಕು ಜನ ಹಾಡಿದ ಹಾಗೆ ಕೇಳುತ್ತಿತ್ತಂತೆ.

"ನನಗ್ಯಾಕೆ ಒಂದು ದಿನಾನೂ ತೋರಿಸ್ಲಿಲ್ಲ?"

"ಕೇಳಿದ್ನಲ್ಲ. ಒಳಗೆ ಹೋಗೋಣ್ವಾ ಅಂತ ಎರಡು ಸಲ ಕೇಳ್ದೆ. ಬೇಡ ಅಂದೆ."

"ಎರಡು ಸಲ ಎಲ್ರೂ ಬೇಡ ಅಂತಾರೆ ಮರ್ಲಿನ್."

"ಮೂರನೇ ಸಲ ಕೇಳಿದ್ರೆ ಒತ್ತಾಯ ಮಾಡ್ದಂಗೆ ಅನ್ನಿಸ್ತು."

ನನಗೆ ಎರಡೂ ನೆನಪಿದ್ದವು. ಒಂದು ಮದುವೆಯಾದ ವರ್ಷ. ಇನ್ನೊಂದು, ನಮ್ಮ ಮಗಳು ಹೊಟ್ಟೆಯಲ್ಲಿದ್ದಾಗ. ಆಮೇಲೆ ಪ್ರತಿ ಶರತ್ಕಾಲದಲ್ಲಿ ಅಂಚೆಪೆಟ್ಟಿಗೆಯ ಪಕ್ಕ ಕಿಟಕಿ ಇಳಿಸಿ ಕೂತು, ಇವನು ಮೂರನೇ ಸಲ ಕೇಳಲಿ ಎಂದು ನಾನು ಕಾಯುತ್ತಿದ್ದೆ. ಇವನು ನಾನು ಫೋಟೋ ತೆಗೆದು ಮುಗಿಸಲಿ ಎಂದು ಕಾಯುತ್ತಿದ್ದ. ಕಾಫಿ ಕುಡಿಯಲು ಬಾರದವಳು ಬಂದು ಒಂದೇ ಹೂಂನಲ್ಲಿ ಒಳಗೆ ಹೋಗಿಬಿಟ್ಟಳು.

ಹಲಗೆ ಬಿಚ್ಚುವ ಮೊದಲಿನ ಕೊನೆಯ ಭಾನುವಾರ ಟ್ವೈಲಾ ತಾನೂ ಬರುತ್ತೇನೆಂದು ನಮ್ಮ ಕಾರಿನ ಬಳಿ ಬಂದು ನಿಂತಳು. ಮುಂದೆ ಕೂರುತ್ತೀಯಾ ಚಿನ್ನ ಎಂದು ನನ್ನನ್ನೇ ಕೇಳಿದಳು, ನನ್ನ ಕಾರಿನಲ್ಲಿ, ನನ್ನ ಸೀಟಿಗೆ. "ಪರವಾಗಿಲ್ಲ, ನೀನೇ ಕೂತ್ಕೋ, ನಿನ್ನ ಕಾಲುದ್ದ" ಅಂದೆ. ಹಾಳು ನಾಲಿಗೆ. ಅವಳು ಕೂತಳು. ನಾನು ಮುಂದಕ್ಕೆ ಎಳೆದಿಟ್ಟಿದ್ದ ಸೀಟನ್ನು ನನ್ನ ಮಂಡಿಗೆ ತಾಗುವವರೆಗೆ ಹಿಂದಕ್ಕೆ ದೂಡಿದಳು.

ಹೊಸ ಕಣ್ಣಿಗೆ ಎಲ್ಲವೂ ಬೇಕಾದ್ದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಅವರಿಬ್ಬರ ಹಿಂದಲೆಗಳು ಕಾಣುತ್ತಿದ್ದವು. ಅವಳು ಏನೋ ಹೇಳಿದಳು, ಅವನು ಪೂರ್ತಿ ಒಂದು ವಾಕ್ಯದಲ್ಲಿ ಉತ್ತರ ಕೊಟ್ಟ. ಬೆನ್ನಿಗೇ ಇನ್ನೊಂದು ವಾಕ್ಯ. ನಾನು ಕಿಟಕಿಯ ಹೊರಗಿನ ಜೋಳ ನೋಡಿದೆ. ಜೀವನದಲ್ಲಿ ಮೊದಲ ಸಲ ಬೆಳೆ ನೋಡಿದೆ.

ಅಂಚೆಪೆಟ್ಟಿಗೆಯ ಬಳಿ ಕಾರು ನಿಂತಿತು. ಎರಡು ಚಕ್ರ ಹುಲ್ಲಿನ ಮೇಲೆ, ಎರಡು ರಸ್ತೆಯ ಮೇಲೆ. ಯಾರೂ ಹೇಳಿರಲಿಲ್ಲ. ಆದರೆ ಈ ಸಲ ಹಿಂದಿನ ಕಿಟಕಿ ಅಂಚೆಪೆಟ್ಟಿಗೆಯ ನೇರಕ್ಕೆ ಬರುವ ಹಾಗೆ ತುಸು ಮುಂದೆ ನಿಲ್ಲಿಸಿದ್ದ. ನಾನು ಕಿಟಕಿ ಇಳಿಸಿದೆ. ಕನ್ನಡಿಯಲ್ಲಿ ಅವನ ಕಣ್ಣುಗಳು ಕಂಡವು.

"ಆರ್ಡಿಸ್, ಒಳಗೆ ಹೋಗೋಣ್ವಾ?"

"ಹೋಗೋಣ ನಡಿ ಚಿನ್ನ," ಅಂದಳು ಟ್ವೈಲಾ.

"ನಿನ್ನ ಕೇಳ್ಲಿಲ್ಲ ಟ್ವೈಲಾ," ಅಂದ ಮರ್ಲಿನ್. ಅವನು ಹುಟ್ಟಿದಾಗಿನಿಂದ ಯಾರಿಗೂ ಅಷ್ಟು ಒರಟಾಗಿ ಹೇಳಿದ್ದಿಲ್ಲ.

ಬೇಡ ಅನ್ನುವುದು ಗಂಟಲವರೆಗೆ ಬಂತು. ನುಂಗಿದೆ. "ಹೋಗೋಣ," ಅಂದೆ.

ನಾಯಿ ಬೊಗಳಿತು, ಪರದೆ ಅಲ್ಲಾಡಿತು. ಬ್ರೆಕ್ಕೆಯ ಮುದುಕಿ ಅಂಗಳಕ್ಕೇ ಬಂದು, ಇಷ್ಟು ವರ್ಷ ನಿಮ್ಮ ಕಾರು ರಸ್ತೆಯಲ್ಲಿ ನಿಂತು ಹೋಗುವುದನ್ನು ನೋಡಿ ನೋಡಿ, ಇವರಿಗೆ ನಮ್ಮ ಮೇಲೆ ಏನು ಸಿಟ್ಟೋ ಅಂದುಕೊಂಡಿದ್ದೆ ಅಂದಳು.

ಒಳಗೆ ಹುಲ್ಲಿರಲಿಲ್ಲ, ಧೂಳಿತ್ತು. ಮರ್ಲಿನ್ ನಡುವೆ ಹೋಗಿ ಟೋಪಿ ತೆಗೆದ. ಮೊದಲು ಕೆಮ್ಮಿದ. ಚಾವಣಿ ಕೂಡ ಕೆಮ್ಮಿತು. ಆಮೇಲೆ ತಗ್ಗಿದ ದನಿಯಲ್ಲಿ ಶುರು ಮಾಡಿದ, ಮೇಲಿನಿಂದ ಇನ್ಯಾರೋ ಸೇರಿಕೊಂಡರು. ಟ್ವೈಲಾ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. ಆ ಸೇರಿಕೊಂಡವನು ಯಾರೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಗಳಿಗೆಯಲ್ಲಿ ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು, ಏನು ಮಾಡಲಿ. ಅವಳು ಸುಧಾರಿಸಿಕೊಂಡು ಕ್ಯಾಮೆರಾ ಎತ್ತಿ, ನೀನೂ ಹೋಗಿ ಅವನ ಪಕ್ಕ ನಿಲ್ಲು ಅಂದಳು.

"ಬೇಡ. ಇದನ್ನ ನಾನು ತೆಗೀತೀನಿ," ಅಂದೆ.

ಅವಳು ಅನುಮಾನದಿಂದ ನೋಡಿದಳು. "ನಿಮ್ಮೂರಿನ ಬೇಡವಾ, ನಿಜವಾದ ಬೇಡವಾ?"

"ನಿಜವಾದ್ದು."

ತೆಗೆದೆ. ಒಳಗೆ ಕತ್ತಲಿತ್ತು. ಮರ್ಲಿನ್ ಅದರಲ್ಲಿ ಮಸುಕಾಗಿದ್ದಾನೆ. ಟ್ವೈಲಾ ತೆಗೆದದ್ದೇ ಚೆನ್ನಾಗಿದೆ. ಆದರೂ ನಮ್ಮ ಗೋಡೆಯ ಮೇಲಿರುವುದು ನನ್ನದು.

ವಾಪಸು ಕಾರಿನ ಬಳಿ ಬಂದಾಗ ಟ್ವೈಲಾ ಬಾಗಿಲು ಹಿಡಿದು, ಈಗಲಾದರೂ ಮುಂದೆ ಕೂರುತ್ತೀಯಾ ಚಿನ್ನ ಅಂದಳು. ಅವಳ ಮಾತು ಮುಗಿಯುವ ಮೊದಲೇ ನಾನು ಕೂತಿದ್ದೆ. ಸೀಟಿನ ಕೆಳಗೆ ಕೈ ಹಾಕಿ ಹಿಡಿಕೆಗೆ ತಡಕಾಡಿದೆ. ಮರ್ಲಿನ್ ಎಂಜಿನ್ ಶುರು ಮಾಡಿದವನು ಗೇರು ಹಾಕಲಿಲ್ಲ. ಸೀಟು ಮುಂದಕ್ಕೆ ಸರಿದು ಟಕ್ ಎಂದು ಕೂತ ಮೇಲೆ ಹೊರಟ.