ರೆಕ್ಕೆಯ ತುದಿಗೆ ನಡೆಯುವವರು

ಕಿಟಕಿಯಾಚೆ ರೆಕ್ಕೆ ಹಿಂದಕ್ಕೆ ಸರಿಯುತ್ತಿದೆ, ರೆಕ್ಕೆ ಸರಿಯುತ್ತಿದೆಯೋ ನೆಲ ಸರಿಯುತ್ತಿದೆಯೋ, ಅರವತ್ತೆಂಟನೆಯ ವಯಸ್ಸಿಗೆ ಮೊದಲ ಸಲ ವಿಮಾನದಲ್ಲಿ ಕೂತವಳಿಗೆ ಹೇಗೆ ತಿಳಿಯಬೇಕು — ಇಲ್ಲ, ತಿಳಿಯುತ್ತದೆ, ರೆಕ್ಕೆಯ ತುದಿಯ ಪಕ್ಕದಲ್ಲಿ ಒಬ್ಬ ಹೆಂಗಸು ನಡೆಯುತ್ತಿದ್ದಾಳೆ, ಹಳದಿ ಕೋಟು, ಕಿವಿಗೆ ದಪ್ಪ ಮುಚ್ಚಳ, ಕೈಗೊಂದರಂತೆ ಎರಡು ಕೆಂಪು ದೀಪದ ಕೋಲು, ಒಂದು ಮೇಲಕ್ಕೆ ಒಂದು ಕೆಳಕ್ಕೆ, ದಾರಿ ಇದೆ ಬಾ ಎಂದು ಅದರ ಅರ್ಥ, ಮೂವತ್ತೊಂದು ವರ್ಷ ಗಂಡ ನಡೆದದ್ದು ಇದೇ ನಡಿಗೆ, ಈಗ ಹೆಂಗಸರೂ ಬಂದಿದ್ದಾರೆ ಈ ಕೆಲಸಕ್ಕೆ, ರೀ ನೋಡಿ, ನಿಮಗಿಂತ ನೆಟ್ಟಗೆ ನಡೀತಾಳೆ ಎಂದರೆ ನಕ್ಕುಬಿಡುತ್ತಿದ್ದರು, ನಗುವುದಕ್ಕೆ ಅವರಿಲ್ಲ, ಐದು ತಿಂಗಳಾಯಿತು, ಭಗವಂತ, ಐದು ತಿಂಗಳು ನನ್ನನ್ನು ನಿಲ್ಲಿಸಿಕೊಂಡಿದ್ದೀಯಲ್ಲ, ಅದಕ್ಕೂ ನಿನಗೆ ಕೈ ಮುಗಿಯಬೇಕು. ಪೈಲಟ್‌ಗೆ ರೆಕ್ಕೆ ತುದಿ ಕಾಣಲ್ಲ ಕಣೇ, ಮದುವೆಯಾದ ಹೊಸದರಲ್ಲಿ ಅವರು ಹೇಳಿದ್ದು, ಅಷ್ಟು ದೊಡ್ಡದನ್ನ ಹಾರಿಸ್ತಾನೆ, ತನ್ನ ಕೈಬೆರಳು ಎಲ್ಲಿದೆ ಅಂತ ಅವನಿಗೆ ಗೊತ್ತಿಲ್ಲ, ಹಿಂದಕ್ಕೆ ತಳ್ಳೋ ಟ್ರ್ಯಾಕ್ಟರಿನವನಿಗೂ ಕಾಣಲ್ಲ, ಕಾಣೋದು ನನಗೊಬ್ಬನಿಗೆ; ಹೊಸ ಹೆಂಡತಿಯ ಮುಂದೆ ಜಂಬ ಕೊಚ್ಚುತ್ತಾರೆ ಎಂದುಕೊಂಡಿದ್ದಳು ಆಕೆ. ಈಗ ಕಿಟಕಿಯಿಂದ ನೋಡಿದರೆ ಜಾಗವೆಲ್ಲಿದೆ, ಆ ಕಡೆ ಒಂದು ವಿಮಾನ, ಈ ಕಡೆ ಒಂದು, ನಡುವೆ ಪೆಟ್ಟಿಗೆ ಹೇರಿದ ಗಾಡಿಗಳು, ಎಣ್ಣೆ ಲಾರಿ, ಸಂತೆಯಲ್ಲಿ ದನ ಕಟ್ಟಿದ ಹಾಗೆ ಒತ್ತೊತ್ತಾಗಿ. ಮೂರು ಗಂಟೆಗೆ ಮಗಳಿಗೆ ಗಂಟಲಿನ ಗಡ್ಡೆಯ ಆಪರೇಷನ್, ಅಮ್ಮ, ಆಮೇಲೆ ಒಂದು ವಾರ ಮಾತಾಡೋ ಹಾಗಿಲ್ವಂತೆ, ಒಳಗೆ ಹೋಗೋಕೆ ಮುಂಚೆ ನಿನ್ನ ಹತ್ರ ಮಾತಾಡ್ಬೇಕು, ಫೋನಲ್ಲಲ್ಲ, ಎದುರಿಗೆ — ಬರ್ತೀನಿ ಮಗಳೇ, ಹನ್ನೊಂದಕ್ಕೆ ಹೊರಟರೆ ಒಂದಕ್ಕೆ ಇಳಿಯೋದು, ಎರಡಕ್ಕೆ ನಿನ್ನ ಹಾಸಿಗೆ ಹತ್ರ ಇರ್ತೀನಿ.

ವಿಮಾನ ಗಕ್ಕನೆ ನಿಂತಿತು. ತಲೆ ಮುಂದಿನ ಸೀಟಿನ ಕಡೆಗೆ ತೂಗಿ ಹಿಂದಕ್ಕೆ ಬಂತು, ಪಕ್ಕದ ದಪ್ಪ ಯಜಮಾನರ ತೊಡೆಯ ಮೇಲಿದ್ದ ಫೈಲು ಕೆಳಗೆ ಬಿತ್ತು, ಏನ್ರೀ ಇದು, ಇನ್ನೂ ಹೊರಟೇ ಇಲ್ಲ ಆಗ್ಲೇ ಬ್ರೇಕು, ಎಂದರು ಅವರು. ಹೊರಗೆ ಆ ಹೆಂಗಸು ಎರಡು ಕೋಲನ್ನೂ ತಲೆಯ ಮೇಲೆ ಎತ್ತಿ ಒಂದಕ್ಕೊಂದು ಅಡ್ಡ ಹಿಡಿದಿದ್ದಾಳೆ. ಅಡ್ಡ. ಆಕೆಯ ಗಂಡನನ್ನು ಕೇರಿಯವರು ಅಡ್ಡಗೈ ಎಂದೇ ಕರೆಯುತ್ತಿದ್ದರು, ಅಡ್ಡಗೈ ಮನೆಯವರು ಬಂದ್ರು ದಾರಿ ಬಿಡಿ, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತವರ ನಗೆ — ಒಂದು ಬೆಳಿಗ್ಗೆ ಅವರು ಹೀಗೆಯೇ ವಿಮಾನ ನಿಲ್ಲಿಸಿದ್ದರು, ನೂರೈವತ್ತು ಜನ ಮುಕ್ಕಾಲು ಗಂಟೆ ಒಳಗೆ ಕೂತರು, ಹಿಂದೆ ಇನ್ನೆರಡು ವಿಮಾನ ಕಾದವು, ಮೇಲಧಿಕಾರಿ ಟೇಪು ಹಿಡಿದು ಅಳೆದರೆ ರೆಕ್ಕೆಗೂ ಪಕ್ಕದ ವಿಮಾನದ ಬಾಲಕ್ಕೂ ನಡುವೆ ಎರಡು ಆಳುದ್ದ ಜಾಗ, ಧಾರಾಳವಾಗಿ ಹೋಗುತ್ತಿತ್ತು. ಒಂದು ವಾರ ಮನೆಯಲ್ಲಿರು ಎಂದರು. ಆ ವಾರವೆಲ್ಲ ಆಕೆ ತಟ್ಟೆಯನ್ನು ಕುಕ್ಕಿ ಬಡಿಸಿದಳು, ಬೇರೆಯವರಿಗಿಲ್ಲದ ಉಸಾಬರಿ ನಿಮಗೆ ಯಾಕ್ರೀ, ಅವರು ತುತ್ತು ನುಂಗಿ ಹೇಳಿದರು, ಬಿಸಿಲು ಕಣ್ಣಿಗೆ ಹೊಡೀತು ಕಣೇ, ಗೇಣಿದೆಯೋ ಮಾರಿದೆಯೋ ಗೊತ್ತಾಗ್ಲಿಲ್ಲ, ಗೊತ್ತಾಗದಿದ್ರೆ ನಿಲ್ಸೋದೇ ಕೆಲಸ. ಹೌದು ಹೌದು, ನಿಲ್ಸಿಕೊಂಡು ಕೂತ್ಕೊಳ್ಳಿ ಎಂದಳು ಆಕೆ. ಅಂದಿದ್ದಳು. ಆ ನೂರೈವತ್ತು ಜನ ಸಂಜೆ ಅವರವರ ಮನೆ ಸೇರಿ ಚಪ್ಪಲಿ ಬಿಟ್ಟು ಕಾಲು ತೊಳೆದರು, ಬೈದುಕೊಂಡೇ ತೊಳೆದರು.

ನೋಡಿಯಮ್ಮ, ಒಬ್ಬರು ಬಂದ್ರು ಬೈಯೋಕೆ, ಎಂದು ಯಜಮಾನರು ಬಗ್ಗಿ ತೋರಿಸಿದರು, ಬಿಳಿ ಟೋಪಿಯವನೊಬ್ಬ ಜೀಪಿನಿಂದಿಳಿದು ಕೈ ಬೀಸುತ್ತಿದ್ದಾನೆ, ರೆಕ್ಕೆಯ ತುದಿಯಿಂದ ಎಣ್ಣೆ ಲಾರಿಯವರೆಗೆ ಹೆಜ್ಜೆ ಹಾಕಿ ಅಳೆಯುತ್ತಿದ್ದಾನೆ, ಒಂದು, ಎರಡು, ಎಷ್ಟೋ. ಹೆಂಗಸಿನ ಕೋಲು ಇಳಿದಿಲ್ಲ. ಇಳಿಸಬೇಡ ತಾಯಿ. ಹನ್ನೊಂದೂವರೆ, ಹನ್ನೆರಡಾಗಬಹುದು, ಎರಡಕ್ಕೆ ಮುಟ್ಟುವ ಮಾತು ಹೋಯಿತು, ಮೂರಕ್ಕೆ ಮಗಳನ್ನು ಒಳಗೆ ತಳ್ಳಿಕೊಂಡು ಹೋಗುತ್ತಾರೆ, ಐದು ತಿಂಗಳ ಹಿಂದೆ ಅವರನ್ನು ತಳ್ಳಿಕೊಂಡು ಹೋದ ಹಾಗೆ — ಆಸ್ಪತ್ರೆಯ ಉದ್ದ ಓಣಿ, ಒಂದು ಗಾಲಿ ಕಿರುಗುಟ್ಟುತ್ತಿತ್ತು, ಎರಡು ದಿನದಿಂದ ಮಾತಿರಲಿಲ್ಲ, ಕಣ್ಣು ಅರ್ಧ ತೆರೆದಿತ್ತು, ತಿರುವಿನಲ್ಲಿ ಇದ್ದಕ್ಕಿದ್ದಂತೆ ಹೊದಿಕೆಯೊಳಗಿಂದ ಎರಡು ಕೈ ಮೇಲೆ ಬಂದವು, ಸೂಜಿ ಚುಚ್ಚಿದ್ದ ಕೈ, ಒಂದರ ಮೇಲೊಂದು ಅಡ್ಡ. ತಳ್ಳುತ್ತಿದ್ದವನು ನಿಂತ, ಏನಜ್ಜ, ನೋವಾ. ಆಕೆ ಬಗ್ಗಿ ನೋಡಿದಳು, ಮಂಚದ ಮೂಲೆಗೂ ಗೋಡೆಗೆ ಒರಗಿಸಿದ್ದ ಆಮ್ಲಜನಕದ ಸಿಲಿಂಡರಿಗೂ ನಡುವೆ ಒಂದು ಬೆರಳಿನ ಸಂದು. ಅಬ್ಬ, ಅಜ್ಜ ಡ್ರೈವರ್ ಆಗಿದ್ರಾ ಎಂದ ಅವನು, ಅಲ್ಲಪ್ಪ, ನಿಲ್ಲಿಸೋರು, ಎಂದಳು ಆಕೆ, ಇಷ್ಟು ವರ್ಷದಲ್ಲಿ ಮೊದಲ ಸಲ ನಾಚಿಕೆಯಿಲ್ಲದೆ, ಅವರಿಗೆ ಕೇಳಿಸಿತೋ ಇಲ್ಲವೋ, ಅವರ ಕಣ್ಣು ಸೂರಿನ ದೀಪದ ಮೇಲಿತ್ತು. ಕೇಳಿಸಿರಲಿ ದೇವರೇ. ಕೇಳಿಸದಿದ್ದರೆ ನೀನಾದರೂ ಅವರಿಗೆ ಹೇಳು, ಹೆಂಡತಿ ಈಗ ವಿಮಾನದೊಳಗೆ ಕೂತಿದ್ದಾಳೆ, ಹೊರಗೆ ನಿಂತವರ ಕೈಯಲ್ಲಿ ಅವಳ ಜೀವ ಇದೆ, ತಟ್ಟೆ ಕುಕ್ಕುತ್ತಿಲ್ಲ ಎಂದು ಹೇಳು.

ಯಾರಿಗೆ ಬೇಕಾಗಿತ್ತು ಈ ಉಸಾಬರಿ ಎಂದರು ಯಜಮಾನರು, ನನಗೆ, ಎಂದಳು ಆಕೆ, ಅವರು ತಿರುಗಿ ನೋಡಿದರು, ನಿಮಗೇನಮ್ಮ ಅವಸರ ಇಲ್ಲ, ಎಂದರು. ಇದೆ, ಮಗಳು ಕಾಯ್ತಿದ್ದಾಳೆ. ಕಾಯುತ್ತಾಳೆ, ಅವರ ಮಗಳಲ್ಲವೇ, ಬಾಗಿಲಿನಲ್ಲಿ ಬೀರು ಸಾಗಿಸುವಾಗ ಪುಟ್ಟ ಕೈ ಎತ್ತಿ ಅಪ್ಪನ ಹಾಗೆ ಅಡ್ಡ ಹಿಡಿದು ನಿಂತವಳು, ಮಾತಾಡದಿದ್ದರೆ ಒಂದು ವಾರ ಅವಳ ಕೈ ಹಿಡಿದು ಕೂರುತ್ತೇನೆ, ಹೇಳುವುದು ಕೈಯಲ್ಲೇ ಹೇಳಲಿ, ನಮ್ಮ ಮನೆಯಲ್ಲಿ ಹಾಗೆಯೇ ಹೇಳಿ ರೂಢಿ — ಬಿಳಿ ಟೋಪಿಯವನು ಮತ್ತೆ ಅಳೆಯುತ್ತಿದ್ದಾನೆ, ಎಷ್ಟೇ ಬರಲಿ, ಗೇಣೇ ಇರಲಿ ಮಾರೇ ಇರಲಿ, ಆ ಲೆಕ್ಕ ಇನ್ನು ಆಕೆಗೆ ಬೇಡ, ಬಿಸಿಲು ನೆತ್ತಿಗೇರಿದೆ, ಆ ಹೆಂಗಸಿನ ತೋಳು ನೋಯುತ್ತಿರಬೇಕು, ಆದರೂ ತಲೆಯ ಮೇಲೆ ಎರಡು ಕೆಂಪು ಕೋಲು, ಹೊದಿಕೆಯ ಮೇಲೆ ಎರಡು ಕೈ, ಎರಡು ಕೋಲು, ಎರಡು ಕೈ, ಅಡ್ಡ.