ಮುನಿರಾಮಯ್ಯನವರ ಬೇಸ್ ಗಿಟಾರ್

ಬಲ್ಬು ಇನ್ನೂ ಉರಿಯುತ್ತಿದೆ, ಮಂಕಾಗು, ಮಂಕಾಗಬೇಕು ನೀನು, ಆಂಪ್ಲಿಫೈಯರಿನ ಹೊಟ್ಟೆಯೊಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಕರೆಂಟಿನ ದಾರಿಯಲ್ಲಿ ನಾನು ಸೇರಿಸಿರುವ ಈ ಸೀರೀಸ್ ಬಲ್ಬು ಹೀಗೇ ಜೋರಾಗಿ ಉರಿಯುತ್ತಲೇ ಇರುತ್ತದೆ, ಆಗ ಪ್ಲಗ್ಗು ಕಿತ್ತು ಮತ್ತೆ ಮೊದಲಿನಿಂದ ಶುರು — ಹಾಂ, ಇಳಿಯಿತು, ಇಳಿಯುತ್ತಿದೆ, ಬಲ್ಬಿನ ತಂತಿ ಈಗ ಬರೀ ಒಂದು ಗೆರೆ, ಇತ್ತ ವಾಲ್ವುಗಳ ಗಾಜಿನೊಳಗೆ ಬೆಳಕು, ಒಂದು, ಎರಡು, ನಾಲ್ಕೂ ಬಂದವು, ಅಯ್ಯೋ ರಾಗಿಣಿ, ಬಂತಲ್ಲೇ! ಸುಟ್ಟು ಕರಿಯಾಗಿದ್ದ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ, ಕೂದಲೆಳೆಯಂಥ ತಾಮ್ರದ ತಂತಿಯನ್ನು ನಾನೇ ಸುತ್ತಿದ್ದು, ಸಾವಿರದಿನ್ನೂರನೆಯ ಸುತ್ತಿನಲ್ಲಿ ಗ್ಯಾಸ್‌ನವನು ಬೆಲ್ ಮಾಡಿ ಲೆಕ್ಕ ತಪ್ಪಿ ಎಲ್ಲ ಬಿಚ್ಚಿ ಮತ್ತೆ ಸುತ್ತಿದ್ದು, ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ ಸುತ್ತಿದ ಕೈ ಇದು, ಅದು ಮುಚ್ಚಿದ ದಿನ ಸೂಪರ್‌ವೈಸರ್ ಗಿರಿರಾಜ್ ಸಾರ್ ಹೇಳಿದ್ದರು, ಕೈ ಕೆಲ್ಸ ಮಾತ್ರ ಮರೀಬೇಡಮ್ಮ, ಯಾರಾದ್ರೂ ಹುಡ್ಕೊಂಡ್ ಬರ್ತಾರೆ. ಬಂದರು, ಯಾರ್ಯಾರೋ ಬಂದರು, ಬಸವೇಶ್ವರನಗರದ ಈ ಬಾಡಿಗೆ ಮನೆಯ ಮುಂದಿನ ರೂಮಿಗೆ ಸ್ಕೂಟರಿನಲ್ಲಿ ಗಿಟಾರು ಹೊತ್ತುಕೊಂಡು, ಆಟೋದಲ್ಲಿ ಹಳೇ ಆಂಪ್ಲಿಫೈಯರು ಹೇರಿಕೊಂಡು, ಹೋದ ತಿಂಗಳು ಮುನಿರಾಮಯ್ಯನವರೂ ಬಂದರು, ಎಪ್ಪತ್ತೆರಡು ವರ್ಷ, ಕೈಯಲ್ಲಿ ಹೆಲ್ಮೆಟ್ಟು, ಮದುವೆ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದೆ ಅಂದರು, ಹದಿನಾಲ್ಕು ವರ್ಷ ಸಜ್ಜೆಯ ಮೇಲೆ ಮಲಗಿದ್ದ ಗಿಟಾರು, ಜೊತೆಗೆ ಈ ಸುಟ್ಟ ಆಂಪ್ಲಿಫೈಯರು, ತಂತಿಗಳೆಲ್ಲ ತುಕ್ಕು, ತಂತಿ ಬಿಗಿಯುವ ಒಂದು ತಿರುಗಣೆ ಮುರಿದಿತ್ತು. ಎಲ್ಲ ಸರಿ ಮಾಡಮ್ಮ, ಮರಕ್ಕೆ ಮಾತ್ರ ಕೈ ಹಾಕ್ಬೇಡ, ಹೆಂಗಿತ್ತೋ ಹಂಗೇ ಇರ್ಬೇಕು.

ಹಂಗೇ ಇಲ್ಲ ಸಾರ್. ಅದನ್ನು ಹೇಗೆ ಹೇಳುವುದು? ಅಲ್ಲೇ ಗೋಡೆಗೆ ಒರಗಿ ನಿಂತಿದೆ, ಎದುರಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅದೇ ಬಣ್ಣ, ಅವರ ತೋಳು ಉಜ್ಜಿ ಉಜ್ಜಿ ಬಣ್ಣ ಹೋದ ಅದೇ ಜಾಗ, ಆದರೆ ಗಿಟಾರಿನ ಕುತ್ತಿಗೆಯ, ಎಡಗೈ ಹಿಡಿಯುವ ಆ ಉದ್ದ ಮರದ, ಹಿಂಬದಿಯನ್ನು ನಾನು ಹೆರೆದಿದ್ದೇನೆ. ಅವತ್ತು ಅವರು ಕರೆಂಟಿಲ್ಲದೆಯೇ ಒಂದು ಸಾಲು ಬಾರಿಸಿ ತೋರಿಸಿದರು, ಮೂರು ಬೆರಳು ಸರಾಗ, ಕಿರುಬೆರಳು ಮಾತ್ರ ತಂತಿಯವರೆಗೆ ಹೋಗದೆ ಗಾಳಿಯಲ್ಲೇ ನಿಂತಿತು, ಅವರು ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ ನಕ್ಕರು, ಗಿಟಾರ್ ಸರಿ ಮಾಡು ಸಾಕು, ಕೈ ಹಂಗೇ ಇರ್ಲಿ. ಆ ನಗು ನನ್ನನ್ನು ಕಾಡಿತು. ಮುಂದಿನ ಭಾನುವಾರ ಹಳೇ ತಂಡವೆಲ್ಲ ಮಹಾಲಕ್ಷ್ಮಿ ಲೇಔಟಿನಲ್ಲಿ ಡ್ರಮ್ಮಿನ ಕಿಟ್ಟಿಯವರ ತಾರಸಿಯ ಮೇಲೆ ಸೇರುತ್ತದಂತೆ, ಅಲ್ಲೂ ಹೀಗೆ ಜೇಬಿಗೆ ಕೈ ಹಾಕಿ ನಗುತ್ತಾರಾ? ತೊಡೆಯ ಮೇಲೆ ಗಿಟಾರು ಮಲಗಿಸಿಕೊಂಡು ಅಳೆದೆ, ಮರ ದಪ್ಪ, ಸುಮ್ಮನೆ ದಪ್ಪ, ಅದಕ್ಕೇ ಕಿರುಬೆರಳು ಎಟುಕುತ್ತಿಲ್ಲ, ಮೂರು ದಿನ ಯೋಚಿಸಿದೆ, ಫೋನು ಎತ್ತಿದೆ, ಇಟ್ಟೆ, ನಾಲ್ಕನೆಯ ದಿನ ಸ್ಯಾಂಡ್ ಪೇಪರ್ ಹಿಡಿದೆ. ಒಳಗೆ ಕಬ್ಬಿಣದ ಸಲಾಕೆ ಇರುತ್ತದೆ, ಜಾಸ್ತಿ ಹೆರೆದರೆ ಅದು ಹೊರಗೆ ಕಾಣಿಸಿಕೊಳ್ಳುತ್ತದೆ, ಆಮೇಲೆ ಸೌದೆ, ಅಷ್ಟೇ, ಹತ್ತು ಸಲ ಉಜ್ಜುವುದು, ಕೈಯಾಡಿಸುವುದು, ಮರದ ಹಿಟ್ಟು ಸೀರೆಯ ತುಂಬ, ಕೇಳಬೇಕಿತ್ತು, ಕೇಳಲಿಲ್ಲ —

ಗೇಟಿನ ಸದ್ದು. ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ವಾಲ್ವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು, ಉರೀತಾ ಇದೆ, ನಾಲ್ಕೂ ಉರೀತಾ ಇದ್ಯಲ್ಲಮ್ಮ, ಮುಖವೆಲ್ಲ ಬೆಳಕು, ಈಗ ಹೇಳು ರಾಗಿಣಿ, ಈಗಲೇ, ಸಾರ್ ಒಂದ್ ವಿಷ್ಯ, ಅಂದೆ, ಅಷ್ಟರಲ್ಲಿ ಗಿಟಾರಿನ ಬೆಲ್ಟು ಅವರ ಹೆಗಲೇರಿತ್ತು, ಎಡಗೈ ಕುತ್ತಿಗೆಯ ಹಿಂದೆ ಹೋಯಿತು, ನಿಂತಿತು. ಹೆಬ್ಬೆರಳು ಮೇಲಿಂದ ಕೆಳಗೆ ಸರಿಯಿತು, ಕೆಳಗಿಂದ ಮೇಲೆ. ನಗು ಹೋಯಿತು. ಯಾರನ್ನ ಕೇಳಿ ಹೆರೆದೆ? ಯಾರನ್ನೂ ಕೇಳಲಿಲ್ಲ ಸಾರ್. ಕೇಳಿದ್ರೆ ಬೇಡ ಅಂತಿದ್ರಿ. ಹೂಂ, ಬೇಡ ಅಂತಾನೇ ಅಂತಿದ್ದೆ, ಅದಕ್ಕೇ ಕೇಳ್ಬೇಕಾಗಿತ್ತು. ತಪ್ಪಾಯ್ತು ಸಾರ್. ಗಡಿಯಾರ ಹನ್ನೊಂದು ಹೊಡೆಯುತ್ತಿದೆ, ಅವರು ನನ್ನನ್ನು ನೋಡುತ್ತಿಲ್ಲ, ವಾಪಸ್ ಮೊದಲಿನಂತೆ ಮಾಡಲು ಬರುವುದಿಲ್ಲ, ಹೆರೆದ ಮರ ಮತ್ತೆ ಹುಟ್ಟುವುದಿಲ್ಲ, ಅವರಿಗೂ ಗೊತ್ತು, ನನಗೂ ಗೊತ್ತು. ಗಿಟಾರಿನ ಕೇಬಲ್ಲನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಬಲಗೈ ಎತ್ತಿದರು. ದಪ್ಪ ತಂತಿಯನ್ನೊಮ್ಮೆ ಮೀಟಿದರು.

ದೇವರೇ, ಆ ಸದ್ದು! ಕಿವಿಗೆ ಬರುವ ಮೊದಲು ಕಾಲಿಗೆ ಬಂತು, ನೆಲದಿಂದ ಮಂಡಿಗೆ, ಮಂಡಿಯಿಂದ ಹೊಟ್ಟೆಗೆ, ನಾನು ಸುತ್ತಿದ ತಂತಿಯೊಳಗಿಂದ ಹಾದು ಬಂದ ಸದ್ದು, ಗೊರಗೊರ ಇಲ್ಲ, ಗುಂಯ್ ಎನ್ನುವ ಹಮ್ ಇಲ್ಲ. ಅವರ ಬೆರಳುಗಳು ಹೊರಟವು, ಒಂದು, ಎರಡು, ಮೂರು, ಆಮೇಲೆ ಕಿರುಬೆರಳು, ಇಳಿಯಿತು, ತಂತಿ ಮುಟ್ಟಿತು, ಒತ್ತಿತು, ಸ್ವರ ಗಟ್ಟಿಯಾಗಿ ನಿಂತಿತು. ಅವರೇ ಬೆಚ್ಚಿ ನಿಲ್ಲಿಸಿದರು. ಮತ್ತೆ ಒತ್ತಿದರು. ಮತ್ತೆ ನಿಂತಿತು. ನಲವತ್ತು ವರ್ಷ ಕಣಮ್ಮ, ಈ ಮರ ದಪ್ಪ ಅಂತ ಹೊಳೀಲೇ ಇಲ್ಲ, ನನ್ ಕೈನೇ ಗಿಡ್ಡ ಅನ್ಕೊಂಡಿದ್ದೆ, ಈ ಸ್ವರ ಬಂದಾಗೆಲ್ಲ ಲೇಟು, ಕಿಟ್ಟಿ ಸ್ಟೇಜ್ ಮೇಲೇ ಬೈತಿದ್ದ. ಅಲ್ಲೇ ಫೋನು ತೆಗೆದು ಸ್ಪೀಕರಿಗಿಟ್ಟು ಕಿಟ್ಟಿಯವರಿಗೆ ರಿಂಗ್ ಮಾಡಿದರು, ಕೇಳೋ, ಅಂದು ಒಂದು ಸಾಲು ಬಾರಿಸಿದರು, ಫೋನಿನೊಳಗಿಂದ ಕಿಟ್ಟಿಯವರು ಕೂಗಿದರು, ಏನೋ ಅದು, ಮನೆ ಮುಂದೆ ಲಾರಿ ನಿಂತಿದ್ಯಾ? ಲಾರಿ ಅಲ್ವೋ ಮುಠ್ಠಾಳ, ನಾನು! ನಕ್ಕೆವು, ಇಬ್ಬರೂ, ಫೋನಿನೊಳಗೆ ಮೂರನೆಯವರೂ, ಅಷ್ಟರಲ್ಲಿ ಮೆಟ್ಟಿಲಿನಲ್ಲಿ ಹೆಜ್ಜೆ, ಮಹಡಿಯಿಂದ ಓನರ್ ಹನುಮಕ್ಕ, ಸೌಟು ಹಿಡಿದೇ ಇಳಿದು ಬಂದರು, ಏನ್ರೀ ಇದು, ಸ್ಟ್ಯಾಂಡಲ್ಲಿರೋ ಲೋಟ ಎಲ್ಲ ಕುಣೀತಾ ಅವೆ, ನಾನು ಸಾರಿ ಆಂಟಿ ಎನ್ನುತ್ತಾ ಸ್ವಿಚ್ಚಿಗೆ ಕೈ ಚಾಚಿದೆ, ಅಯ್ಯೋ ಆರಿಸ್ಬೇಡ ಇರೇ, ಹಾಲು ಇಳಿಸಿ ಬಂದಿದೀನಿ, ಅಂದು ಬಾಗಿಲಲ್ಲೇ ಕೂತರು. ಮುನಿರಾಮಯ್ಯ ನನ್ನತ್ತ ತಿರುಗಿ, ಇನ್ನೊಂದ್ ಸಲ ಕೇಳ್ದೆ ಕೈ ಹಾಕಿದ್ರೆ ನೋಡು, ಅಂದರು, ಕಣ್ಣು ಮುಚ್ಚಿದರು, ಬಾರಿಸತೊಡಗಿದರು, ಯಾವ ಹಾಡು, ಗೊತ್ತಿಲ್ಲ, ಹಾಡಿನ ತಳ ಮಾತ್ರ, ಅದರ ಮೇಲೆ ಹಾಡುವವರು ಯಾರೂ ಇಲ್ಲ, ಬೇಕೂ ಇಲ್ಲ, ಕೆಂಪು ನೆಲದ ಮೇಲೆ ಅವರ ಬರಿಗಾಲು, ಬಿರುಕುಬಿಟ್ಟ ಹಿಮ್ಮಡಿ ಅಲುಗದೆ, ಹೆಬ್ಬೆರಳು ಮಾತ್ರ ತಾಳಕ್ಕೆ ಏಳುತ್ತದೆ, ಬೀಳುತ್ತದೆ, ನಾನು ಇನ್ನೇನನ್ನೋ ಯೋಚಿಸುತ್ತಿದ್ದೆ, ಏನು, ಹೆಬ್ಬೆರಳು ಏಳುತ್ತದೆ, ಬೀಳುತ್ತದೆ, ಕಾಫಿ ಇಡಬೇಕು, ಏಳುತ್ತದೆ, ಕಾಫಿ, ಬೀಳುತ್ತದೆ, ಆ ಹೆಬ್ಬೆರಳು, ಏಳುತ್ತದೆ