ಬೆಂದ ಆಲೂಗಡ್ಡೆ

೧೯೯೬ರ ಫೆಬ್ರವರಿ. ಚಾಮರಾಜನಗರದ ಒಂದು ಜೂನಿಯರ್ ಕಾಲೇಜಿನಲ್ಲಿ ಪಿಯುಸಿ ಜೀವಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿತ್ತು. ಹರದನಹಳ್ಳಿಯ ನೀಲಾವತಿ ಕಾಲೇಜಿನವರು ಕೊಟ್ಟ ಮೊಂಡು ಚಾಕುವಿನಿಂದ ಆಲೂಗಡ್ಡೆಯ ನಡುವೆ ಗುಳಿ ತೋಡಿ, ಅದಕ್ಕೆ ಸಕ್ಕರೆ ನೀರು ತುಂಬಿ, ಮಟ್ಟ ತಿಳಿಯಲೆಂದು ಗುಂಡುಸೂಜಿ ಚುಚ್ಚಿ, ನೀರಿನ ತಟ್ಟೆಯಲ್ಲಿ ಕೂರಿಸಿದ್ದಳು. ಆಲೂಗಡ್ಡೆಯ ಜೀವಕೋಶಗಳ ಪೊರೆ ನೀರನ್ನು ಬಿಡುತ್ತದೆ, ಸಕ್ಕರೆಯನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ತಟ್ಟೆಯ ನೀರು ಸಕ್ಕರೆ ಇರುವ ಕಡೆಗೆ ಸರಿದು, ಗುಳಿಯ ಮಟ್ಟ ಸೂಜಿಯನ್ನು ದಾಟಿ ಏರಬೇಕು.

ಗಂಟೆ ಕಳೆದರೂ ಏರಲಿಲ್ಲ. ಪಕ್ಕದ ಮೇಜಿನಲ್ಲಿದ್ದ ಗೆಳತಿ ಶಾಂತಿಯದ್ದೂ ಏರಿರಲಿಲ್ಲ. ಆದರೂ ಅವಳು ‘ಮಟ್ಟ ಏರಿತು’ ಎಂದು ಬರೆಯುತ್ತಿದ್ದಳು.

“ಎಲ್ಲಿ ಏರಿದ್ದಮ್ಮಿ?” ನೀಲಾವತಿ ಪಿಸುಗುಟ್ಟಿದಳು.

“ಎಲ್ರೂ ಅಂಗೇ ಬರ್ದವ್ರೆ. ನೀನೂ ಬರ್ದ್‌ಬುಡು.”

ನೀಲಾವತಿ ಆಲೂಗಡ್ಡೆಯ ಅಂಚನ್ನು ಒತ್ತಿ ನೋಡಿದಳು. ಹೆಬ್ಬೆರಳು ಒಳಗಿಳಿಯಿತು. ಸಿಪ್ಪೆ ತಾನಾಗಿ ಜಾರಿತು. ಪಲ್ಯಕ್ಕೆ ಬೇಯಿಸಿದ ಆಲೂಗಡ್ಡೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಉಪನ್ಯಾಸಕ ಗಂಗಾಧರಸ್ವಾಮಿಯನ್ನು ಕರೆದಳು.

“ಸಾರ್, ಇದ್ನ ಬೇಯ್ಸವ್ರೆ. ಪೊರೆ ಸತ್ತೋಗದೆ, ಅದ್ಕೇ ಏರ್ತಿಲ್ಲ. ಒಂದು ಹಸಿ ಆಲೂಗಡ್ಡೆ ಕೊಡಿ ಸಾರ್.”

ಅವರೂ ಒತ್ತಿ ನೋಡಿದರು. ಮುಖ ಕಪ್ಪಿಟ್ಟಿತು. “ಈಗ ಎಲ್ಲಿಂದ ತರಲಿ? ಏರಿತು ಅಂತ ಬರೆದುಬಿಡು. ಏರುತ್ತೆ ಅಂತ ನಿನಗೆ ಗೊತ್ತಲ್ಲ.”

“ಗೊತ್ತಿರೋದ್ನೇ ಬರಿಯೋದಾದ್ರೆ ಇದೆಲ್ಲ ಯಾಕೆ ಸಾರ್ ಇಟ್ಟಿರದು?”

ಅವರು ಮುಂದಿನ ಮೇಜಿಗೆ ಹೋದರು. ನೀಲಾವತಿ ಕಂಡದ್ದನ್ನೇ ಬರೆದಳು: ಮಟ್ಟ ಏರಲಿಲ್ಲ, ಆಲೂಗಡ್ಡೆ ಬೆಂದು ಪೊರೆ ಹಾಳಾಗಿದೆ. ಮೈಸೂರಿನಿಂದ ಬಂದಿದ್ದ ಪರೀಕ್ಷಕ ರಂಗರಾಜು ಅದನ್ನೋದಿ, ತಪ್ಪು ಮಾಡಿ ಸಬೂಬು ಬೇರೆ ಹೇಳುತ್ತೀಯಾ ಎಂದು ಪ್ರಯೋಗದ ಅಂಕವನ್ನು ಅರ್ಧಕ್ಕಿಳಿಸಿದರು. ಶಾಂತಿಗೆ ಪೂರ್ತಿ ಕೊಟ್ಟರು.

ನೀಲಾವತಿಯ ಕಿವಿ ಬಿಸಿಯಾಯಿತು. ಹೊರಗೆ ಹೋಗಿ ತರಕಾರಿ ಅಂಗಡಿಯಿಂದ ಹಸಿ ಆಲೂಗಡ್ಡೆ ತಂದಳು. ಪ್ರಯೋಗಾಲಯದ ಜಗಲಿಯಲ್ಲಿ ಕುಳಿತು ಅದೇ ಮೊಂಡು ಚಾಕುವಿನಿಂದ ತೋಡಿದಳು. ಗಟ್ಟಿ ಆಲೂಗಡ್ಡೆಯ ಮೇಲೆ ಚಾಕು ಜಾರಿ ಬೆರಳು ಕೊಯ್ದುಕೊಂಡಳು. ಕರ್ಚೀಫು ಸುತ್ತಿಕೊಂಡು ಮುಗಿಸಿದಳು. ರಂಗರಾಜು ಊಟ ಮಾಡಿ ವಿಶ್ರಮಿಸಿ ಬರುವಷ್ಟರಲ್ಲಿ ಗುಳಿಯ ನೀರು ಸೂಜಿಯನ್ನು ಮುಳುಗಿಸಿತ್ತು. ಪಕ್ಕದಲ್ಲೇ ಬೆಳಗಿನ ಬೆಂದ ಆಲೂಗಡ್ಡೆಯನ್ನೂ ಇಟ್ಟಿದ್ದಳು.

ರಂಗರಾಜು ಬಗ್ಗಿ ಎರಡನ್ನೂ ನೋಡಿದರು. ಬೆಂದದ್ದನ್ನು ಬೆರಳಿನಿಂದ ಒತ್ತಿದರು. ಆಮೇಲೆ ಒಳಗೆ ಹೋಗಿ ಅವಳ ಅಂಕ ತಿದ್ದಿ ಸಹಿ ಹಾಕಿದರು.

“ಸರಿಹೋಯ್ತಲ್ಲಮ್ಮ?”

“ಏರ್ದೇ ಇರದ್ನ ಏರ್ತು ಅಂದೋರ್ಗೆ ಪೂರ್ತಿ ಕೊಟ್ಟಿದ್ದೀರಲ್ಲ ಸಾರ್, ಅದು?”

“ಅವರ ಗೊಡವೆ ನಿನಗ್ಯಾಕೆ?”

ಅಷ್ಟರಲ್ಲಿ ಗಂಗಾಧರಸ್ವಾಮಿ ಅಟೆಂಡರ್ ಕೆಂಪಯ್ಯನನ್ನು ಕರೆದು ಎಲ್ಲರೆದುರು ಗದರತೊಡಗಿದ್ದರು. ಕೆಂಪಯ್ಯ ತಲೆ ತಗ್ಗಿಸಿ ಹೇಳಿದ, “ಓದ್ ವರ್ಸ ಈ ಚಾಕೀಲಿ ಒಂದ್ ಮಗ ಅಂಗೈ ಸೀಳ್ಕತ್ತು ಸಾರ್. ಒಸ ಚಾಕು ಕೊಡ್ಸಿ ಅಂತ ಕೇಳ್ತಾನೇ ಇವ್ನಿ. ಅದ್ಕೇ ವಸಿ ಬೇಯ್ಸ್‌ಬುಟ್ಟೆ, ಮೆತ್ಗಾಯ್ತದೆ ಅಂತ.”

“ಅದರಿಂದ ಪರೀಕ್ಷೆಯೇ ಹಾಳಾಯಿತಲ್ಲಯ್ಯ.”

ನೀಲಾವತಿ ಕರ್ಚೀಫು ಸುತ್ತಿದ ಬೆರಳನ್ನು ಮುಂದೆ ಚಾಚಿದಳು. “ಕೆಂಪಯ್ಯಣ್ಣಂಗ್ಯಾಕ್ ಸಾರ್ ಬಯ್ತೀರಿ? ಅವ್ರಿಗೆ ಪೊರೆ ಗಿರೆ ಗೊತ್ತಿಲ್ಲ. ನಿಮ್ಗೆ ಗೊತ್ತಿತ್ತು. ಮುಟ್ಟಿ ನೋಡಿಯೂ ಸುಳ್ಳು ಬರಿ ಅಂದ್ರಿ.”

ಗಂಗಾಧರಸ್ವಾಮಿ ಕೆಂಪಯ್ಯನಿಗೆ ಹೋಗೆಂದು ಕೈಸನ್ನೆ ಮಾಡಿದರು. ರಂಗರಾಜು ಕನ್ನಡಕ ಒರೆಸಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿದರು.

ಸಂಜೆ ಬಸ್ಸಿನಲ್ಲಿ ಶಾಂತಿ ಬೇರೆ ಸೀಟಿನಲ್ಲಿ ಕುಳಿತಳು. ಇಳಿಯುವ ಹೊತ್ತಿಗೆ ಹತ್ತಿರ ಬಂದು, “ನಮ್ಮ ಮಾರ್ಕೂ ಸಾರ್ ಕಿತ್ಕಬೇಕಿತ್ತಾ ನಿಂಗೆ?” ಎಂದಳು.

“ಕಿತ್ಕಳದಲ್ಲ ಕಣಮ್ಮಿ. ನಿಮ್ಗೂ ಒಂದೊಂದು ಹಸೀದು ಕೊಡ್ಬೇಕಿತ್ತು,” ಎಂದಳು ನೀಲಾವತಿ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.